ಓದುಗರ ಪ್ರಶ್ನೆ: ಕಮೋಡಿಗೂ ಬೇಸಿನ್ನಿಗೂ ಒಂದೇ ಗಾಳಿ ಪೈಪು ಸಾಕೇ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯ ಮೊದಲ ಮಹಡಿಯ ಬಾತ್‌ರೂಮಿನಲ್ಲಿ ಫ್ಲಷ್ ಒತ್ತಿದಾಗಲೆಲ್ಲ ನೆಲದ ನೀರು ಇಳಿದುಹೋಗುವ ನಾನಿ ಟ್ರ್ಯಾಪಿನಿಂದ ಗುಳುಗುಳು ಸದ್ದು ಕೇಳಿಸುತ್ತದೆ, ಸ್ವಲ್ಪ ಹೊತ್ತಿಗೆ ದುರ್ವಾಸನೆಯೂ ಹರಡುತ್ತದೆ. ಹೊರಗೋಡೆಯ ಮುಖ್ಯ ಪೈಪಿನಿಂದ ಕಮೋಡ್ 11 ಅಡಿ ದೂರದಲ್ಲಿದೆ, ವಾಷ್‌ಬೇಸಿನ್ ಅದಕ್ಕಿಂತ ಇನ್ನೂ 3 ಅಡಿ ಒಳಗಿದೆ. ಬೇಸಿನ್ನಿನ ನೀರು ಸುರುಳಿ ಪೈಪಿನ ಮೂಲಕ ನಾನಿ ಟ್ರ್ಯಾಪಿಗೇ ಬೀಳುತ್ತದೆ. ಈಗ ಟೈಲ್ಸ್ ತೆಗೆಸಿ ಎಲ್ಲವನ್ನೂ ಹೊಸದಾಗಿ ಮಾಡಿಸುತ್ತಿದ್ದೇವೆ. ಕಮೋಡಿಗೊಂದು, ಬೇಸಿನ್ನಿಗೊಂದು ಗಾಳಿ ಪೈಪು ಬೇಕು, ತಾರಸಿಯಲ್ಲಿ ಎರಡು ಕಡೆ ತೂತು ಕೊರೆಯಬೇಕು ಎಂದು ಪ್ಲಂಬರ್ ಹೇಳುತ್ತಿದ್ದಾರೆ. ಒಂದರಲ್ಲೇ ಎರಡೂ ಆಗದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಗುತ್ತದೆ. ಬೇಸಿನ್ನಿನ ನೀರು ಇಳಿಯುವ ಪೈಪೇ ಕಮೋಡಿಗೆ ಗಾಳಿ ಕೊಡುವ ಪೈಪೂ ಆಗಬಹುದು, ಆದರೆ ಈಗಿರುವಂತೆ ಅದು ನಾನಿ ಟ್ರ್ಯಾಪಿನ ಮೂಲಕ ಹೋಗಕೂಡದು.

ಫ್ಲಷ್ ಮಾಡಿದಾಗ ಆರು ಲೀಟರಿನಷ್ಟು ನೀರು ಕೆಲವೇ ಸೆಕೆಂಡುಗಳಲ್ಲಿ ಪೈಪಿಗೆ ನುಗ್ಗಿ, ಸಿರಿಂಜಿನ ದಂಡವನ್ನು ಎಳೆದಾಗ ಆಗುವಂತೆ, ತನ್ನ ಹಿಂದಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಆ ಜಾಗಕ್ಕೆ ಬೇರೆ ಗಾಳಿ ಸುಲಭವಾಗಿ ಬರದಿದ್ದರೆ ಹತ್ತಿರದ ಟ್ರ್ಯಾಪಿನ ನೀರನ್ನೇ ಸೀಳಿಕೊಂಡು ಬರುತ್ತದೆ. ನೀವು ಕೇಳುತ್ತಿರುವ ಗುಳುಗುಳು ಅದೇ. ಟ್ರ್ಯಾಪಿನಲ್ಲಿ ಒಳಗಿನ ವಾಸನೆಯನ್ನು ತಡೆದು ನಿಲ್ಲಿಸುವುದು ಸುಮಾರು 50 ಮಿಲಿಮೀಟರ್ ನೀರು ಮಾತ್ರ. ಅದು ಎಳೆದುಹೋದ ಮೇಲೆ ಫಿನಾಯಿಲ್ ಸುರಿದರೆ ವಾಸನೆಯ ಬಗೆ ಬದಲಾಗುತ್ತದೆಯೇ ಹೊರತು ದಾರಿ ಮುಚ್ಚುವುದಿಲ್ಲ. ‘ಸೆಪ್ಟಿಕ್ ಟ್ಯಾಂಕಿಗೆ ಗಾಳಿ ಪೈಪು ಇದೆಯಲ್ಲ’ ಎಂಬ ಸಮಾಧಾನವನ್ನು ನಾನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಅದು ಟ್ಯಾಂಕಿನ ಅನಿಲ ಹೊರಹೋಗುವ ದಾರಿ. ನಿಮ್ಮ ಕಮೋಡಿನ ಹಿಂದೆ ಗಾಳಿ ತುಂಬಲು ಅದರಿಂದ ಪ್ರಯೋಜನವಿಲ್ಲ. ಮುಖ್ಯ ಪೈಪಿಗೆ ಒಂದೆರಡು ಅಡಿ ಹತ್ತಿರದಲ್ಲಿ ಕಮೋಡ್ ಇದ್ದು, ಆ ಮುಖ್ಯ ಪೈಪು ಮೇಲೆ ತೆರೆದಿದ್ದರೆ ಅದೇ ಸಾಕಾಗುತ್ತಿತ್ತು, 11 ಅಡಿ ಅದಕ್ಕೆ ಹೆಚ್ಚಾಯಿತು.

ನಿಮ್ಮ ಬೇಸಿನ್ ಕಮೋಡಿಗಿಂತ ಒಳಗಿರುವುದು ಅನುಕೂಲವೇ. ಬೇಸಿನ್ನಿಗೆ ಅದರದೇ ಬಾಟಲ್ ಟ್ರ್ಯಾಪ್ (ಬೇಸಿನ್ ಕೆಳಗೆ ಕೂರುವ ಬಾಟಲಿಯಾಕಾರದ ಟ್ರ್ಯಾಪ್) ಕೊಟ್ಟು, ಗೋಡೆಯೊಳಗೆ ಮೂರು ಬಾಯಿಯ ಒಂದು ಟೀ (T ಆಕಾರದ ಜೋಡಣೆ) ಕೂರಿಸಿ, ಅಲ್ಲಿಂದ ಕೆಳಕ್ಕೆ 75 ಮಿ.ಮೀ. ಪೈಪನ್ನೂ ಮೇಲಕ್ಕೆ 50 ಮಿ.ಮೀ. ಪೈಪನ್ನೂ ಒಯ್ಯಿರಿ. ಕೆಳಗಿನ ಪೈಪು ನೆಲದಲ್ಲಿ ಮಲಗಿ ಬಂದು, ಕಮೋಡ್ ಸೇರುವ ಜಾಗದಲ್ಲಿ 110 ಮಿ.ಮೀ. ಪೈಪಾಗಿ ಹೊರಗೋಡೆಯ ಕಡೆ ಹೋಗಲಿ. ನಾನಿ ಟ್ರ್ಯಾಪಿನ ಕವಲೂ ಕಮೋಡಿಗಿಂತ ಹಿಂದೆಯೇ, ಆ 75ರ ಪೈಪಿಗೆ ಸೇರಲಿ. ಬೇಸಿನ್ನಿನಿಂದ ಬರುವ ನೀರು ಪೈಪಿನ ತಳದಲ್ಲಿ ತೆಳ್ಳಗೆ ಹರಿಯುವುದರಿಂದ ಮೇಲ್ಭಾಗ ಗಾಳಿಗೆ ಖಾಲಿ ಉಳಿಯುತ್ತದೆ. ಅದಕ್ಕಾಗಿಯೇ ಇಲ್ಲಿ ಸಣ್ಣ ಪೈಪು ಹಾಕಬಾರದು. ನೀರೇ ಹರಿಯದ ಬರೀ ಗಾಳಿ ಪೈಪಿನ ಬುಡದಲ್ಲಿ ಕಸ ಅಂಟಿ ಕಟ್ಟಿಕೊಳ್ಳುವುದುಂಟು, ಇಲ್ಲಿ ದಿನವೂ ಮುಖ ತೊಳೆದ ನೀರೇ ಅದನ್ನು ತೊಳೆದುಬಿಡುತ್ತದೆ.

ನಾನಿ ಟ್ರ್ಯಾಪಿನ ಮೂಲಕ ಏಕೆ ಬೇಡವೆಂದರೆ, ಟ್ರ್ಯಾಪ್ ಎಂಬುದು ಗಾಳಿಯನ್ನು ತಡೆಯಲೆಂದೇ ಇರುವ ನೀರಿನ ಬಾಗಿಲು. ಅದರಾಚೆ ಎಷ್ಟು ಎತ್ತರಕ್ಕೆ ಪೈಪು ಏರಿಸಿದರೂ ಕಮೋಡಿನ ಕಡೆಗೆ ಗಾಳಿ ದಾಟುವುದಿಲ್ಲ.

ಬಾಟಲ್ ಟ್ರ್ಯಾಪಿನಿಂದ ಟೀ ವರೆಗಿನ 40 ಮಿ.ಮೀ. ಅಡ್ಡ ಪೈಪನ್ನು ಮೂರು ಅಡಿಯೊಳಗೆ ಮುಗಿಸಿರಿ. ಬೇಗ ಹರಿಯಲೆಂದು ಅದಕ್ಕೆ ಕಡಿದಾದ ಇಳಿಜಾರು ಕೊಡುವವರಿದ್ದಾರೆ. ಪೈಪಿನ ವ್ಯಾಸಕ್ಕಿಂತ ಹೆಚ್ಚು ಇಳಿದರೆ ಗಾಳಿಯ ಬಾಯಿ ಟ್ರ್ಯಾಪಿನ ನೀರಿನ ಮಟ್ಟಕ್ಕಿಂತ ಕೆಳಗಾಗಿ, ಬೇಸಿನ್ ಖಾಲಿಯಾಗುವಾಗ ತನ್ನ ಟ್ರ್ಯಾಪನ್ನೂ ತಾನೇ ಹೀರಿಕೊಳ್ಳುತ್ತದೆ. ನೆಲದ ಪೈಪಿಗೆ ಅಡಿಗೆ ಕಾಲು ಇಂಚು ಇಳಿಜಾರು ಸಾಕು, ಅಂದರೆ ನಿಮ್ಮ 14 ಅಡಿಗೆ ಮೂರೂವರೆ ಇಂಚು. ಕಾಂಕ್ರೀಟ್ ತುಂಬುವ ಮೊದಲು ಲೆವೆಲ್ ಟ್ಯೂಬ್ (ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ನೀವೇ ಅಳೆದು ನೋಡಿ. ಮಲಗಿದ ಪೈಪಿಗೆ ಕವಲು ಸೇರುವ ಕಡೆಗಳಲ್ಲಿ ಹರಿವಿನ ದಿಕ್ಕಿಗೆ ವಾಲಿದ ವೈ (Y ಆಕಾರದ ಜೋಡಣೆ) ಹಾಕಿಸಿರಿ. ನೇರ ಟೀ ಹಾಕಿದರೆ ಕಮೋಡಿನ ನೀರು ಬೇಸಿನ್ನಿನ ಕಡೆಗೂ ಹಿಂದಕ್ಕೆ ನುಗ್ಗಬಹುದು.

ಮೇಲಕ್ಕೆ ಹೋಗುವ 50ರ ಪೈಪು ಬೇಸಿನ್ನಿನ ಅಂಚಿಗಿಂತ ಕನಿಷ್ಠ ಆರು ಇಂಚು ಮೇಲೇರುವ ತನಕ ಎಲ್ಲಿಯೂ ಅಡ್ಡ ತಿರುಗಬಾರದು. ಕೆಳಗೇ ತಿರುಗಿಸಿದರೆ, ಮುಂದೆಂದಾದರೂ ಪೈಪು ಕಟ್ಟಿಕೊಂಡಾಗ ಕೊಳಕು ನೀರು ಆ ಅಡ್ಡ ಪೈಪಿಗೆ ಹೊಕ್ಕು ಅಲ್ಲೇ ಉಳಿಯುತ್ತದೆ, ಗಾಳಿಯ ದಾರಿ ಮುಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ. ತಾರಸಿ ಕೊರೆಯುವ ವಿಚಾರಕ್ಕೆ ಬಂದರೆ, ನಿಮಗೆ ಒಂದು ತೂತೂ ಬೇಕಾಗದಿರಬಹುದು: ಹೊರಗೋಡೆಯ ಮುಖ್ಯ ಪೈಪು ತಾರಸಿಯ ಮೇಲೆ ಕೌಲ್ (ಗಾಳಿಯಾಡುವ ಮುಚ್ಚಳ) ಹೊತ್ತು ತೆರೆದು ನಿಂತಿದ್ದರೆ, ಎಲ್ಲ ಕವಲುಗಳಿಗಿಂತ ಮೇಲೆ, ಅದಕ್ಕೇ ಈ ಪೈಪನ್ನು ಗೋಡೆಯ ಮೂಲಕ ಸೇರಿಸಬಹುದು.

ಕೆಲಸ ಮುಗಿದ ಮೇಲೆ ಒಂದು ಪೊರಕೆ ಕಡ್ಡಿಯನ್ನು ನಾನಿ ಟ್ರ್ಯಾಪಿನ ನೀರಿನ ತಳಕ್ಕೆ ಮುಟ್ಟಿಸಿ, ಒದ್ದೆಯಾದ ಮಟ್ಟಕ್ಕೆ ಗುರುತು ಹಾಕಿ. ಪ್ರತಿ ಸಲವೂ ಫ್ಲಷ್ ಟ್ಯಾಂಕ್ ತುಂಬಲು ಬಿಟ್ಟು, ಒಟ್ಟು ಮೂರು ಸಲ ಫ್ಲಷ್ ಮಾಡಿ, ಮತ್ತೆ ಅದ್ದಿ. ನೀರು ಗುರುತಿನಲ್ಲೇ ಇದ್ದರೆ ಕೆಲಸ ಸರಿಯಾಗಿದೆ. ಅರ್ಧ ಇಂಚು ಇಳಿದಿದ್ದರೂ ಪ್ಲಂಬರ್ ಅವರನ್ನು ಬಾಕಿ ಹಣ ಕೊಡುವ ಮೊದಲೇ ಮತ್ತೆ ಕರೆಸಿ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್, ಮೇಲೆ ಬೇರೆಯವರ ಮನೆಯಿದೆ. ಗಾಳಿ ಪೈಪಿನ ಬದಲು ಬೇಸಿನ್ ಕೆಳಗೆ ಏಕಮುಖ ಗಾಳಿ ವಾಲ್ವ್ ಹಾಕಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಬೇರೆ ದಾರಿಯಿಲ್ಲದಿದ್ದರೆ ಹಾಕಿ. ಪೈಪಿನಲ್ಲಿ ಎಳೆತ ಉಂಟಾದಾಗ ಅದು ತೆರೆದು ಗಾಳಿ ಬಿಡುತ್ತದೆ, ಉಳಿದ ಹೊತ್ತು ಮುಚ್ಚಿರುತ್ತದೆ. ಆದರೆ ಒಳಗಿನಿಂದ ಒತ್ತಿ ಬರುವ ಗಾಳಿಯನ್ನು ಅದು ಹೊರಗೆ ಬಿಡುವುದಿಲ್ಲ. ಆದ್ದರಿಂದ ಕಟ್ಟಡದ ಮುಖ್ಯ ಪೈಪು ತಾರಸಿಯಲ್ಲಿ ತೆರೆದಿದೆಯೇ ಎಂಬುದನ್ನು ಮೊದಲು ಹತ್ತಿ ನೋಡಿ ಬನ್ನಿ. ವಾಲ್ವನ್ನು ನೆಟ್ಟಗೆ ನಿಲ್ಲಿಸಿ, ಗೋಡೆಯೊಳಗೆ ಹೂಳಿಸಬೇಡಿ. ಅದರ ರಬ್ಬರ್ ಒಂದಲ್ಲ ಒಂದು ದಿನ ಗಡುಸಾಗುತ್ತದೆ. ಆಗ ಟೈಲ್ಸ್ ಒಡೆಯದೆ ಕೈಗೆ ಸಿಗುವಂತಿರಬೇಕು.