ಲಿನಕ್ಸ್ ಹಾಕಿದ್ರೆ ಕೇಸ್ ಬೀಳುತ್ತಾ?

ಈ ಸಲ ಬಂದ ಪ್ರಶ್ನೆಗಳಲ್ಲಿ, ವಿಂಡೋಸ್ ಬದಲು ಹಾಕ್ಕೊಳ್ಳೋಕೆ ಪುಕ್ಕಟೆ ಸಿಗೋ ಲಿನಕ್ಸ್‌ದೇ ಜಾಸ್ತಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್ಡೇಟ್ ನಿಂತಿದ್ದೇ ನಿಂತಿದ್ದು, ಹಳೇ ಕಂಪ್ಯೂಟರ್ ಇಟ್ಕೊಂಡವರಿಗೆಲ್ಲ ತಲೆಬಿಸಿ ಶುರುವಾದ ಹಾಗಿದೆ.

ಪ್ರಶ್ನೆ: ದುರ್ಗಿಗುಡಿ ಹತ್ರ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ ಸಾರ್. ಎರಡು ಕಂಪ್ಯೂಟರಿಗೆ ಉಬುಂಟು ಅನ್ನೋ ಲಿನಕ್ಸ್ ಹಾಕ್ಸಣ ಅಂತಿದ್ದೆ. ಸಾಫ್ಟ್‌ವೇರ್ ಮಾರೋರು ಒಬ್ರು ಬಂದು, ಅದ್ರಲ್ಲಿ ಬೇರೆ ಕಂಪನಿಯವರ ಪೇಟೆಂಟ್ ಇದೆ, ಅಂಗಡೀಲಿ ಬಳಸಿದ್ರೆ ನೋಟಿಸ್ ಬರುತ್ತೆ ಅಂದ್ರು. ಹೌದಾ?
- ಡಿಟಿಪಿ ಅಂಗಡಿಯವರು, ಶಿವಮೊಗ್ಗ

ಉತ್ತರ: ಹೆದರ್ಕೊಬೇಡಿ, ಹಾಕ್ಸಿ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳಸಿದ ಸುದ್ದಿ ಅಷ್ಟೇ. 2007ರಲ್ಲಿ ಮೈಕ್ರೋಸಾಫ್ಟ್‌ನವರು ಲಿನಕ್ಸೂ ಸೇರಿ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಸಾಫ್ಟ್‌ವೇರ್‌ಗಳು ನಮ್ಮ 235 ಪೇಟೆಂಟ್ ಮುರಿದಿವೆ ಅಂತ ಗುಡುಗಿದ್ರು, ಯಾವ್ಯಾವುದು ಸ್ವಾಮಿ, ಪಟ್ಟಿ ಕೊಡಿ ಅಂದ್ರೆ ಮಾತ್ರ ಕೊಡಲಿಲ್ಲ. ಪಟ್ಟಿ ಕೊಟ್ರೆ ಲಿನಕ್ಸ್‌ನವರು ಆ ಜಾಗ ಬದಲಾಯಿಸಿ ಬೇರೆ ಥರ ಬರ್ಕೊಂಡು ಬಿಡ್ತಿದ್ರು, ಹೆದರಿಕೆ ಅಲ್ಲಿಗೆ ಮುಗೀತಿತ್ತು. ಅದಕ್ಕೂ ಮೊದಲೇ, 2005ರಲ್ಲಿ, ಐಬಿಎಂ, ಸೋನಿ, ಫಿಲಿಪ್ಸ್, ರೆಡ್ ಹ್ಯಾಟ್, ನೋವೆಲ್ ಸೇರಿ ಓಪನ್ ಇನ್ವೆನ್ಷನ್ ನೆಟ್‌ವರ್ಕ್ ಅಂತ ಒಂದು ಕೂಟ ಮಾಡ್ಕೊಂಡಿದ್ರು, ಲಿನಕ್ಸ್ ವಿಷಯಕ್ಕೆ ನಮ್ಮ ಪೇಟೆಂಟ್ ಇಟ್ಕೊಂಡು ಒಬ್ಬರ ಮೇಲೊಬ್ಬರು ಕೇಸ್ ಹಾಕಲ್ಲ ಅಂತ. 2018ರ ಅಕ್ಟೋಬರ್‌ನಲ್ಲಿ ಸುಮಾರು 60 ಸಾವಿರ ಪೇಟೆಂಟ್ ಹೊತ್ಕೊಂಡು ಆ ಕೂಟಕ್ಕೆ ಸೇರಿದ್ದು ಯಾರು? ಅದೇ ಮೈಕ್ರೋಸಾಫ್ಟ್!

ಇನ್ನೊಂದು, ಪೇಟೆಂಟ್ ಅನ್ನೋದು ಆಯಾ ದೇಶದ್ದು, ಅಮೆರಿಕದಲ್ಲಿ ಕೊಟ್ಟ ಪೇಟೆಂಟ್ ಶಿವಮೊಗ್ಗದಲ್ಲಿ ನಡೆಯಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ, ಬರೀ ಕಂಪ್ಯೂಟರ್ ಪ್ರೋಗ್ರಾಂಗೆ, ಅಲ್ಗಾರಿದಂಗೆ ಪೇಟೆಂಟ್ ಇಲ್ಲ ಅನ್ನುತ್ತೆ. 2004ರ ಕೊನೇಲಿ ಸುಗ್ರೀವಾಜ್ಞೆ ತಂದು ಇದನ್ನ ಸಡಿಲ ಮಾಡೋಕೆ ನೋಡಿದ್ರು, 2005ರಲ್ಲಿ ಸಂಸತ್ತಲ್ಲಿ ಆ ತಿದ್ದುಪಡಿ ಬಿದ್ದುಹೋಯ್ತು. ನಿಜಕ್ಕೂ ನೋಟಿಸ್ ಬರೋದಿದ್ರೆ ಅದು ಕಳ್ಳ ಕಾಪಿ ವಿಂಡೋಸ್‌ಗೆ, ಕಳ್ಳ ಕಾಪಿ ಕೋರೆಲ್‌ಡ್ರಾಗೆ ಬರುತ್ತೆ, ಆ ಕಾನೂನೇ ಬೇರೆ, ಕಾಪಿರೈಟ್. ಅಂಗಡೀಲಿ ಅದಿದ್ರೆ ಮೊದ್ಲು ಅದನ್ನ ನೋಡ್ಕೊಳ್ಳಿ.

ನಿಮ್ಮ ಅಂಗಡಿಗೆ ಪೇಟೆಂಟಿಗಿಂತ ಕಾಟ ಕೊಡೋದು ನುಡಿ ಫೈಲು. ಗಿರಾಕಿ ಗೃಹಪ್ರವೇಶದ ಪತ್ರಿಕೆ ಪೆನ್‌ಡ್ರೈವಲ್ಲಿ ತಂದಿರ್ತಾರೆ, ಲಿನಕ್ಸಲ್ಲಿ ವರ್ಡ್ ಬದಲು ಬಳಸೋ ಲಿಬ್ರೆ ಆಫೀಸಲ್ಲಿ ತೆಗೆದ್ರೆ ಕನ್ನಡ ಇರೋ ಜಾಗದಲ್ಲೆಲ್ಲ ತಲೆ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರ. ಫೈಲ್ ಹಾಳಾಗಿಲ್ಲ, ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಬರೋಕೆ ಮೊದಲಿನ ಪದ್ಧತಿ, ಆ ಫಾಂಟ್ ನಿಮ್ಮ ಸಿಸ್ಟಂಲಿ ಇಲ್ದೇ ಇದ್ರೆ ಹಿಂಗಾಗುತ್ತೆ. ನುಡಿ ಫಾಂಟ್ ಹಾಕ್ಕೊಂಡ್ರೆ ಓದ್ಬಹುದು, ತಿದ್ದಬೇಕಂದ್ರೆ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಂಡು ತಿದ್ದಿ, ಒತ್ತಕ್ಷರ ಒಂದೆರಡು ಕಡೆ ಎಡವಟ್ಟಾಗಿರುತ್ತೆ, ಪ್ರೂಫ್ ನೋಡ್ದೆ ಪ್ರಿಂಟ್ ಕೊಡ್ಬೇಡಿ. ಹಾಕ್ಸೋಕೆ ಮೊದ್ಲು ಉಬುಂಟುನ ಪೆನ್‌ಡ್ರೈವಿಂದಲೇ ಓಡಿಸಿ, ನಿಮ್ಮ ಪ್ರಿಂಟರ್, ಸ್ಕ್ಯಾನರ್ ಎರಡೂ ಕೆಲಸ ಮಾಡ್ತವಾ ನೋಡಿ. ಎಷ್ಟೋ ಜನ ವಾಪಸ್ ವಿಂಡೋಸಿಗೆ ಹೋಗೋದು ಈ ಪ್ರಿಂಟರ್ ಕಾರಣಕ್ಕೇ.

ಪ್ರಶ್ನೆ: ಮದುವೆ ಫೋಟೋ ತೆಗೀತೀನಿ. ಹಳೇ ಲ್ಯಾಪ್‌ಟಾಪಲ್ಲಿ ಯಾವಾಗ್ಲೋ ಹಾಕ್ಸಿದ್ದ ಲಿನಕ್ಸ್ ಇದೆ. 16 ಜಿಬಿ ಮೆಮೊರಿ ಕಾರ್ಡ್ ಓಪನ್ ಆಗುತ್ತೆ, 64 ಜಿಬಿದು ಆಗಲ್ಲ. ಇದೆಂತ ಕತೆ ಮಾರಾಯ್ರೆ?
- ಫೋಟೋಗ್ರಾಫರ್, ಹೊಸನಗರ

ಉತ್ತರ: ಕಾರ್ಡ್ ಸರಿ ಇದೆ. ನೋಡಿ, ಪೇಟೆಂಟ್ ನಿಜವಾಗ್ಲೂ ನಮ್ಮ ನಿಮ್ಮಂಥೋರ ಕಾಲಿಗೆ ತೊಡರೋದು ಇಂಥ ಕಡೆ. 32 ಜಿಬಿವರೆಗಿನ ಕಾರ್ಡಿಗೆ ಫ್ಯಾಟ್32 ಅನ್ನೋ ಫೈಲ್ ಜೋಡಿಸಿಡೋ ಪದ್ಧತಿ, ಅದಕ್ಕಿಂತ ದೊಡ್ಡದಕ್ಕೆ ಎಕ್ಸ್‌ಫ್ಯಾಟ್. ಅದು ಮೈಕ್ರೋಸಾಫ್ಟ್‌ದು, ಪೇಟೆಂಟ್ ಇತ್ತು, ಹಾಗಾಗಿ ಲಿನಕ್ಸ್ ಒಳಗೆ ಅದನ್ನ ಸೇರಿಸೋಕೆ ಹಿಂದೆಮುಂದೆ ನೋಡ್ತಿದ್ರು, ಬೇಕಾದವರು ಬೇರೆ ಪ್ಯಾಕೇಜ್ ಹುಡುಕಿ ಹಾಕ್ಕೊಳ್ಳಬೇಕಿತ್ತು. ಹಿಂದುಮುಂದು ನೋಡಿದ್ರಲ್ಲಿ ತಪ್ಪೂ ಇಲ್ಲ, ಹಳೇ ಫ್ಯಾಟ್ ಪೇಟೆಂಟ್ ಸೇರಿಸಿ 2009ರಲ್ಲಿ ಟಾಮ್‌ಟಾಮ್ ಅನ್ನೋ ನ್ಯಾವಿಗೇಷನ್ ಕಂಪನಿ ಮೇಲೆ ಮೈಕ್ರೋಸಾಫ್ಟ್ ಕೇಸ್ ಹಾಕಿತ್ತು, ಅವರ ಯಂತ್ರದ ಒಳಗಿದ್ದದ್ದು ಲಿನಕ್ಸೇ, ಕೊನೆಗೆ ದುಡ್ಡು ಕೊಟ್ಟು ರಾಜಿ ಮಾಡ್ಕೊಂಡ್ರು. 2019ರ ಆಗಸ್ಟಲ್ಲಿ ಮೈಕ್ರೋಸಾಫ್ಟೇ ಎಕ್ಸ್‌ಫ್ಯಾಟ್ ವಿವರ ಬಹಿರಂಗ ಮಾಡಿ ಲಿನಕ್ಸಿಗೆ ಸೇರಿಸ್ಕೊಳ್ಳಿ ಅಂತು, ಅದೇ ವರ್ಷ ನವೆಂಬರಲ್ಲಿ ಬಂದ ಕರ್ನಲ್ (ಲಿನಕ್ಸಿನ ತಿರುಳು ಭಾಗ) 5.4ರಲ್ಲಿ ಸೇರ್ತು. ನಿಮ್ಮದು ಅದಕ್ಕಿಂತ ಹಳೇದಿರ್ಬೇಕು, ಹೊಸ ಆವೃತ್ತಿ ಹಾಕ್ಸಿ. ಮಳೆಗಾಲದಲ್ಲಿ ಹೆಂಗೂ ಮದುವೆ ಕಮ್ಮಿ, ಆಗ ಮಾಡ್ಸಿ, ಫೋಟೋ ಎಲ್ಲ ಬೇರೆ ಡಿಸ್ಕಿಗೆ ಹಾಕ್ಕೊಂಡ ಮೇಲೆ.

ಎಂಪಿ3ದೂ ಇದೇ ಹಣೆಬರಹ, ಫೆಡೋರಾ ಅನ್ನೋ ಲಿನಕ್ಸ್ ಹಾಕಿದವರಿಗೆ ಹಾಡು ಕೇಳೋಕೂ ಹೊರಗಿಂದ ಏನೇನೋ ತಂದು ಹಾಕಬೇಕಿತ್ತು, 2016-17ರ ಹೊತ್ತಿಗೆ ಆ ಪೇಟೆಂಟ್‌ಗಳ ಅವಧಿ ಮುಗೀತಾ ಬಂದ ಮೇಲೆ ಸಲೀಸಾಯ್ತು.

ಪ್ರಶ್ನೆ: ಇಂಜಿನಿಯರಿಂಗ್ ಕೊನೇ ವರ್ಷ. ಅಡಿಕೆ ಫೋಟೋ ತೆಗೆದ್ರೆ ರಾಶಿ, ಬೆಟ್ಟೆ, ಗೊರಬಲು ಅಂತ ಗುರುತು ಹಿಡಿಯೋ ಆ್ಯಪ್ ಮಾಡ್ತಿದೀವಿ. ಪೇಟೆಂಟ್ ಮಾಡ್ಸಿ ಅಂತ ಗೈಡ್ ಹೇಳ್ತಾರೆ, ಓಪನ್ ಸೋರ್ಸ್ ಮಾಡಣ ಅಂತ ಗೆಳೆಯರು. ಏನ್ ಮಾಡ್ಲಿ?
- ವಿದ್ಯಾರ್ಥಿನಿ, ಭದ್ರಾವತಿ

ಉತ್ತರ: ಬರೀ ಆ್ಯಪ್ ಆದ್ರೆ ಅದೇ 3(ಕೆ) ಅಡ್ಡ ಬರುತ್ತೆ ತಂಗಿ. ಆ್ಯಪ್ ಜೊತೆ ಅಡಿಕೆ ಬೇರೆ ಬೇರೆ ಮಾಡೋ ಯಂತ್ರ ಇದ್ದು, ಅದು ಕೆಲಸ ಮಾಡೋ ರೀತಿಯಲ್ಲೇ ಏನೋ ಹೊಸ ತಾಂತ್ರಿಕ ಸುಧಾರಣೆ ಇದ್ರೆ ದಾರಿ ಇದೆ, 2019ರಲ್ಲಿ ದೆಹಲಿ ಹೈಕೋರ್ಟ್ ಫೆರಿದ್ ಅಲ್ಲಾನಿ ಕೇಸಲ್ಲಿ ಹೇಳಿದ್ದೂ ಅದೇ, ಪ್ರೋಗ್ರಾಂ ಇದೆ ಅಂದ ಮಾತ್ರಕ್ಕೆ ತಳ್ಳಿಹಾಕ್ಬೇಡಿ, ತಾಂತ್ರಿಕವಾಗಿ ಏನು ಸಾಧಿಸಿದೆ ನೋಡಿ ಅಂತ. ಅಂಥದ್ದಿದ್ರೆ ಚೆನ್ನೈ ಪೇಟೆಂಟ್ ಆಫೀಸಿಗೆ ಆನ್‌ಲೈನಲ್ಲಿ ಹಾಕ್ಬೇಕು, ವ್ಯಕ್ತಿಗಳಿಗೆ ಅರ್ಜಿ ಶುಲ್ಕ 1600 ರೂಪಾಯಿ, ಪರೀಕ್ಷೆಗೆ ಮತ್ತೆ 4000, ಏಜೆಂಟ್ ಹಿಡಿದ್ರೆ ಅವರದ್ದು ಬೇರೆ. ಅರ್ಜಿ ಹಾಕೋಕೆ ಮೊದ್ಲು ಫೆಸ್ಟಲ್ಲಿ ತೋರ್ಸೋದು, ವಿಡಿಯೋ ಹಾಕೋದು ಮಾಡ್ಬೇಡಿ, ಹೊಸತನವೇ ಹೋಗಿಬಿಡುತ್ತೆ. ಇನ್ನು ಕಾಲೇಜುಗಳಲ್ಲಿ ಪೇಟೆಂಟ್ ಪಬ್ಲಿಶ್ ಆಯ್ತು ಅಂತ ಬ್ಯಾನರ್ ಕಟ್ಟೋದುಂಟು, ವಾಪಸ್ ತಗೊಳ್ದೆ ಇದ್ರೆ ಅರ್ಜಿ 18 ತಿಂಗಳಿಗೆ ತಾನಾಗೇ ಪಬ್ಲಿಶ್ ಆಗುತ್ತೆ, ಪೇಟೆಂಟ್ ಸಿಕ್ಕಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನನ್ನ ಕೇಳಿದ್ರೆ ಗೆಳೆಯರ ಮಾತೇ ಸರಿ. ಕೋಡ್ ಬರೆದ ಕ್ಷಣವೇ ಕಾಪಿರೈಟ್ ಇದ್ದೇ ಇದೆ, ಖರ್ಚಿಲ್ಲದೆ. ಚಿತ್ರ ಗುರುತಿಸೋ ಕೆಲಸದ ಓಪನ್‌ಸಿವಿ ಅನ್ನೋ ಓಪನ್ ಸೋರ್ಸ್ ಕೋಡ್ ಬಳಸ್ತಿರ್ತೀರಿ ಅಲ್ವಾ, ಅದರಲ್ಲಿ ಸಿಫ್ಟ್ ಅಂತ ಚಿತ್ರ ಹೋಲಿಸೋ ವಿಧಾನ ಇದೆ, ಕೆನಡಾದ ಯೂನಿವರ್ಸಿಟಿ ಒಂದರ ಪೇಟೆಂಟ್ ಇದ್ದಿದ್ರಿಂದ ಅದನ್ನ ವರ್ಷಗಟ್ಟಲೆ ಬೇರೆ ಮೂಲೇಲಿ ಇಟ್ಟಿದ್ರು, 2020ರಲ್ಲಿ ಅವಧಿ ಮುಗಿದ ಮೇಲೇ ಮುಖ್ಯ ಭಾಗಕ್ಕೆ ಬಂತು. ಅಡಿಕೆ ಗುರುತಿಸೋ ಕೆಲಸಕ್ಕೆ ಹಂಗಾಗೋದು ಬೇಡ. ಲೈಸೆನ್ಸ್ ಆರಿಸುವಾಗ ಅಪಾಚೆ 2 ಅಥವಾ ಜಿಪಿಎಲ್ 3 ನೋಡಿ, ಎರಡರಲ್ಲೂ ಪೇಟೆಂಟ್ ಬಗ್ಗೆ ಸ್ಪಷ್ಟವಾಗಿ ಬರೆದಿದೆ. ನಿಮ್ಮ ಕೋಡ್ ತಗೊಂಡು ಬದಲಾಯಿಸಿ ಹಂಚಿದವರು ಆಮೇಲೆ ತಮ್ಮ ಬದಲಾವಣೆಯ ಕೋಡನ್ನೂ ಕೊಡಲೇಬೇಕು ಅಂತ ನಿಮಗಿದ್ರೆ ಜಿಪಿಎಲ್ ಆರಿಸಿ.

ಪ್ರಶ್ನೆ: ಆಂಡ್ರಾಯ್ಡ್ ಒಳಗಿರೋದೂ ಲಿನಕ್ಸೇ ಅಂತೆ. ಹಂಗಾದ್ರೆ ಪೇಟೆಂಟ್ ದುಡ್ಡು ಯಾರೂ ಕೊಟ್ಟೇ ಇಲ್ವಾ?
- ನಿವೃತ್ತ ಮೇಷ್ಟ್ರು, ಕೊಪ್ಪ

ಉತ್ತರ: ಕೊಟ್ಟಿದ್ದಾರೆ ಸಾರ್, ಚೆನ್ನಾಗೇ ಕೊಟ್ಟಿದ್ದಾರೆ, ಫೋನ್ ಮಾಡೋ ಕಂಪನಿಗಳು. ಒಂದೇ ವರ್ಷದಲ್ಲಿ ಸ್ಯಾಮ್ಸಂಗ್ ಮೈಕ್ರೋಸಾಫ್ಟಿಗೆ 100 ಕೋಟಿ ಡಾಲರ್‌ಗಿಂತ ಜಾಸ್ತಿ ಕಟ್ಟಿತ್ತು ಅನ್ನೋದು 2014ರಲ್ಲಿ ಕೋರ್ಟ್ ಕಾಗದದಿಂದ ಹೊರಗೆ ಬಂತು. ಫೋನ್ ರೇಟಲ್ಲಿ ಅದೂ ಸೇರಿರುತ್ತೆ, ನಮ್ಮ ಬಿಲ್ಲಲ್ಲಿ ಕಾಣಲ್ಲ ಅಷ್ಟೇ. ಅಷ್ಟಾದ್ರೂ ಆಂಡ್ರಾಯ್ಡ್ ಹರಡೋದೇನೂ ನಿಲ್ಲಲಿಲ್ಲ.

ಪ್ರಶ್ನೆ: ತೋಟದ ಲೆಕ್ಕ, ಮಂಡಿ ಲೆಕ್ಕ ಎಲ್ಲ ಟ್ಯಾಲಿಲಿ ಇದೆ. ಲಿನಕ್ಸಲ್ಲಿ ಓಡುತ್ತಾ?
- ಓದುಗರು, ತೀರ್ಥಹಳ್ಳಿ

ಉತ್ತರ: ಟ್ಯಾಲಿ ಇರೋದು ವಿಂಡೋಸಿಗೆ. ವಿಂಡೋಸ್ ಪ್ರೋಗ್ರಾಂ ಲಿನಕ್ಸಲ್ಲಿ ಓಡಿಸೋ ವೈನ್ ಅನ್ನೋ ಸಾಫ್ಟ್‌ವೇರ್ ಹಾಕಿ ಓಡಿಸ್ತೀನಿ ಅನ್ನೋರು ಸಿಗ್ತಾರೆ, ಜಿಎಸ್‌ಟಿ ಕಟ್ಟೋ ದಿನ ಅದು ಕೈ ಕೊಟ್ರೆ ಅವರು ಫೋನ್ ಎತ್ತಲ್ಲ. ಲೆಕ್ಕದ ಕಂಪ್ಯೂಟರ್ ಹಂಗೇ ಇರ್ಲಿ, ಮಕ್ಕಳದ್ದಕ್ಕೆ ಲಿನಕ್ಸ್ ಹಾಕ್ಸಿ.