ಲಾರ್ಡ್ಸ್ ಆಫ್ ಶ್ಯಾಡೋ ಸೇಲ್‌ಗೆ ಬಂದಿದೆ, ತಗೊಳ್ಳಬಹುದಾ?

ಹಳೇ ಕ್ಯಾಸಲ್‌ವೇನಿಯಾ ಗೇಮ್ ಒಂದನ್ನೂ ಆಡಿಲ್ಲ, ಗಾಡ್ ಆಫ್ ವಾರ್ ಅನ್ನೋ ಹೊಡೆದಾಟದ ಗೇಮ್ ಇಷ್ಟ, ಈಗ ಕಮ್ಮಿ ರೇಟಿಗೆ ಸಿಗುತ್ತಿರುವ 'ಕ್ಯಾಸಲ್‌ವೇನಿಯಾ: ಲಾರ್ಡ್ಸ್ ಆಫ್ ಶ್ಯಾಡೋ' ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ತಗೊಳ್ಳಿ. ಹಳೆಯದನ್ನು ಆಡದೇ ಇರೋದು ನಿಮಗೆ ಒಳ್ಳೆಯದೇ ಆಯಿತು. ನಾನು ಆಡಿದ್ದೆ, ಈ ಗೇಮಿನ ಜೊತೆ ನನ್ನ ಜಗಳ ಶುರುವಾಗಿದ್ದೇ ಅಲ್ಲಿಂದ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ನಾನು ಹಾಸನದವನು. ಇಲ್ಲಿ ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಇದೆ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಈಗ ಮಾಡು ಇಲ್ಲ, ಬರೀ ಕಮಾನು, ಗೋಡೆ. ಮಳೆಗಾಲದಲ್ಲಿ ಅರ್ಧ ನೀರಲ್ಲಿ ನಿಂತಿರುತ್ತದೆ. ಮೋಡ ಕವಿದ ದಿನ ದಡದಲ್ಲಿ ನಿಂತರೆ ಜೊತೆಗಿದ್ದವರೆಲ್ಲ ತಾವಾಗೇ ಮಾತು ನಿಲ್ಲಿಸುತ್ತಾರೆ. ಈ ಗೇಮ್ ನನ್ನನ್ನು ಸುಮಾರು 20 ಗಂಟೆ ಹಾಗೇ ಕೂರಿಸಿತ್ತು. ಹಿಮ, ಜೌಗು, ಪಾಳುಬಿದ್ದ ಊರು, ಕೋಟೆ, ಎಲ್ಲಿ ನಿಂತರೂ ಸ್ಕ್ರೀನ್‌ಶಾಟ್ ತೆಗೆಯಬೇಕು ಅನಿಸುತ್ತದೆ. ಮರ್ಕ್ಯುರಿಸ್ಟೀಮ್ ಅನ್ನೋ ಸ್ಪೇನ್ ಕಂಪನಿ ಮಾಡಿದ್ದು, 2010ರಲ್ಲಿ ಬಂತು, ಪಿಸಿಗೆ ಬಂದಿದ್ದು 2013ರಲ್ಲಿ. ಆದರೂ ಇವತ್ತಿಗೂ ಹಳೇದು ಅನಿಸಲ್ಲ.

ಕಥೆ 1047ರದ್ದು. ಒಂದು ಮಾಟದಿಂದ ಭೂಮಿಗೂ ಸ್ವರ್ಗಕ್ಕೂ ಸಂಬಂಧ ತಪ್ಪಿಹೋಗಿದೆ, ಸತ್ತವರ ಆತ್ಮಗಳು ಮೇಲೆ ಹೋಗೋಕೆ ಆಗುತ್ತಿಲ್ಲ. ಗೇಬ್ರಿಯಲ್ ಬೆಲ್ಮಾಂಟ್‌ನ ಹೆಂಡತಿಯೂ ಹಾಗೆ ಸಿಕ್ಕಿಕೊಂಡವಳು. ಅವಳನ್ನು ವಾಪಸ್ ತರಬಹುದೇನೋ ಅನ್ನೋ ಆಸೆಯಲ್ಲಿ ಇವನು ಒಂದು ಮುಖವಾಡದ ತುಂಡುಗಳನ್ನು ಹುಡುಕುತ್ತಾ ಹೊರಡುತ್ತಾನೆ. ಗೇಬ್ರಿಯಲ್‌ಗೆ ರಾಬರ್ಟ್ ಕಾರ್ಲೈಲ್ ದನಿ. ಪ್ರತಿ ಲೆವೆಲ್ ಲೋಡ್ ಆಗುವಾಗ ಕಥೆ ಹೇಳೋದು ಪ್ಯಾಟ್ರಿಕ್ ಸ್ಟೀವರ್ಟ್. ಆ ದನಿಗೋಸ್ಕರ ಲೋಡಿಂಗ್ ಇನ್ನೊಂದು ಸ್ವಲ್ಪ ಹೊತ್ತು ಆಗಲಿ ಅಂತ ಕಾದಿದ್ದೇನೆ, ಮಾತು ಸ್ವಲ್ಪ ಭಾರವೇ, ಆದರೂ.

ಫೈಟಿಂಗ್ ಗಾಡ್ ಆಫ್ ವಾರ್ ಥರಾನೇ. ಶಿಲುಬೆಯೊಳಗಿಂದ ಸರಪಳಿ ಚಾಟಿ ಬರುತ್ತದೆ. ಅದರ ಮೇಲೆ ಬೆಳಕು, ನೆರಳು ಅಂತ ಎರಡು ಮಂತ್ರಶಕ್ತಿ. ಬೆಳಕು ಹಚ್ಚಿಕೊಂಡು ಹೊಡೆದರೆ ನಿಮ್ಮ ಜೀವ ತುಂಬುತ್ತದೆ, ನೆರಳು ಹಚ್ಚಿಕೊಂಡರೆ ಏಟು ಜೋರು. ಏಟು ತಿನ್ನದೇ ಹೊಡೆಯುತ್ತಾ ಹೋದರೆ ಒಂದು ಮೀಟರ್ ತುಂಬುತ್ತದೆ, ಅದು ತುಂಬಿದ ಮೇಲೆ ಪ್ರತಿ ಏಟಿಗೂ ಶಕ್ತಿಯ ಉಂಡೆ ಉದುರುತ್ತದೆ, ಅದನ್ನು ಬೆಳಕಿಗೆ ಹಾಕಬೇಕೋ ನೆರಳಿಗೆ ಹಾಕಬೇಕೋ ಅಂತ ಹೊಡೆದಾಟದ ಮಧ್ಯದಲ್ಲೇ ಯೋಚಿಸಬೇಕು. ಸುಮ್ನೆ ಬಟನ್ ಕುಟ್ಟಿದರೆ ಸಾಯುತ್ತೀರಿ. ನನಗೆ ತುಂಬಾ ಹಿಡಿಸಿದ್ದು ಇದೇ.

ಈಗ ಬೈಗುಳ. ಕ್ಯಾಮೆರಾ ನಮ್ಮ ಕೈಯಲ್ಲಿಲ್ಲ. ಬೇಲೂರು ದೇವಸ್ಥಾನದ ಒಳಗೆ ಕತ್ತಲಲ್ಲಿ ಗೈಡ್ ಟಾರ್ಚ್ ಬಿಟ್ಟ ಕಡೆಯೇ ನೋಡುತ್ತೀವಲ್ಲ, ಹಂಗೆ. ಅವನು ತೋರಿಸಿದ್ದೆಲ್ಲ ಚೆಂದ, ಆದರೆ ಪಕ್ಕದ ಕಂಬ ನೋಡೋಣ ಅಂದರೆ ಬಿಡಲ್ಲ. ನೋಟಕ್ಕೆ ಇದು ಸರಿ, ಹಾರೋದಕ್ಕೆ ಸರಿಯಿಲ್ಲ. ಮುಂದಿನ ಅಂಚು ಎಷ್ಟು ದೂರ ಅಂತ ಗೊತ್ತಾಗದೆ ಬಿದ್ದಿದ್ದು ಲೆಕ್ಕವೇ ಇಲ್ಲ. ಹೆಪ್ಪುಗಟ್ಟಿದ ಕೆರೆಯ ಹತ್ತಿರ ಹಿಮದ ಟೈಟನ್ ಅನ್ನೋ ದೈತ್ಯ ಬರುತ್ತದೆ, ಅದರ ಮೈಮೇಲೆ ಹತ್ತಿ ಹೊಳೆಯೋ ಗುರುತುಗಳನ್ನು ಒಡೆಯಬೇಕು. ಮೊದಲ ಸಲ ಬಾಯಿ ಬಿಟ್ಟು ನೋಡಿದೆ. ನಾಲ್ಕನೇ ಸಲ ಕಂಟ್ರೋಲರ್ ಹಾಸಿಗೆ ಮೇಲೆ ಎಸೆದೆ. (ನೆಲಕ್ಕೆ ಎಸೆಯೋ ಅಷ್ಟು ದುಡ್ಡಿಲ್ಲ.)

ಇದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಇದೇ ಸರಣಿಯ 1997ರ ಗೇಮ್ 'ಸಿಂಫನಿ ಆಫ್ ದ ನೈಟ್' ಆಡಿದವರಿಗೆ ಕ್ಯಾಸಲ್‌ವೇನಿಯಾ ಅಂದರೆ ಒಂದು ದೊಡ್ಡ ಕೋಟೆ, ಅದರಲ್ಲಿ ದಾರಿ ತಪ್ಪೋ ಸುಖ. ಅವತ್ತು ತೆರೆಯದ ಬಾಗಿಲು ಎರಡು ದಿನ ಬಿಟ್ಟು ಹೊಸ ಶಕ್ತಿ ಸಿಕ್ಕಮೇಲೆ ತೆರೆಯುತ್ತದಲ್ಲ, ಆ ಖುಷಿ. ಇಲ್ಲಿ 12 ಅಧ್ಯಾಯ, ಅವುಗಳೊಳಗೆ ತುಂಡು ತುಂಡು ಲೆವೆಲ್. ಬಿಟ್ಟುಹೋದ ವಸ್ತು ಬೇಕಂದರೆ ಮೆನುಗೆ ಹೋಗಿ ಆ ಲೆವೆಲ್ ಮತ್ತೆ ಆಡಬೇಕು. ಸಂಗೀತವೂ ಹಂಗೇ. ದೊಡ್ಡ ಆರ್ಕೆಸ್ಟ್ರಾ, ಸಿನಿಮಾದಲ್ಲಿ ಬರೋ ಥರ ಭರ್ಜರಿಯಾಗಿದೆ, ಆದರೆ ಆಫ್ ಮಾಡಿದ ಮೇಲೆ ಒಂದು ರಾಗವೂ ಬಾಯಿಗೆ ಬರಲ್ಲ. ಮ್ಯೂಸಿಕ್ ಬಾಕ್ಸ್ ಒಳಗೇ ನಡೆಯೋ ಒಂದು ಲೆವೆಲ್ ಇದೆ. ಅಲ್ಲಿ 1986ರ ಮೊದಲ ಗೇಮಿನ ಟ್ಯೂನ್ ಸಣ್ಣಗೆ ಕೇಳಿಸಿದಾಗ ಆಟ ನಿಲ್ಲಿಸಿ ಕೂತೆ.

ನಿಮಗೆ ಇದ್ಯಾವುದೂ ಅಡ್ಡ ಬರಲ್ಲ ಬಿಡಿ. ಕಂಟ್ರೋಲರ್ ಇದ್ದರೆ ಮಾತ್ರ ಆಡಿ. ಒಗಟುಗಳಿಗೆ ಉತ್ತರ ಅಲ್ಲೇ ಸಿಗುತ್ತದೆ, ನೋಡಿದರೆ ಪಾಯಿಂಟ್ ಹೋಗುತ್ತದೆ ಅಷ್ಟೆ. ಪಿಸಿ ಆವೃತ್ತಿಯಲ್ಲಿ ಎರಡು ಹೆಚ್ಚುವರಿ ಕಥೆಗಳೂ ಬರುತ್ತವೆ. ಅವು ಸಪ್ಪೆ, ಟೈಮ್ ಇದ್ದರೆ ನೋಡಿ. ಆಮೇಲೆ ಕೊನೆಯಲ್ಲಿ ಹೆಸರುಗಳು ಓಡೋಕೆ ಶುರುವಾದ ತಕ್ಷಣ ಆಫ್ ಮಾಡಬೇಡಿ. ನನ್ನ ತಮ್ಮ ಹಾಗೆ ಮಾಡಿ, ಮಾರನೇ ದಿನ ಆ ಕೊನೇ ದೃಶ್ಯವನ್ನು ಮೊಬೈಲಿನಲ್ಲಿ ಯೂಟ್ಯೂಬ್ ಹಾಕಿಕೊಂಡು ನೋಡಿದ.