ಕಲಬುರಗಿಯಲ್ಲಿ ಮನೆ ಬಿಟ್ಟು ಬಂದ ತಾಯಿ-ಮಕ್ಕಳ ಆಶ್ರಯ ಮನೆಗೆ ನಮ್ಮ ಓಣಿಯವರು ಹೇಗೆ ನೆರವಾಗಬಹುದು?

ನೀವು ಬರೆದಿರುವುದು ಇಷ್ಟು: ಓಣಿಯ 15 ಮನೆಯವರು ಸೇರಿ ಮೂರು ಚೀಲ ಹಳೇ ಬಟ್ಟೆ ಕೂಡಿಸಿದ್ದೀರಿ, ಮಗಳ ಹುಟ್ಟುಹಬ್ಬಕ್ಕೆ ಆಶ್ರಯ ಮನೆಯಲ್ಲೇ ಊಟ ಹಾಕಿಸಬೇಕೆಂದಿದ್ದೀರಿ, ಆದರೆ ಆ ಮನೆ ಎಲ್ಲಿದೆ ಅಂತ ಯಾರೂ ಬಾಯಿ ಬಿಡುತ್ತಿಲ್ಲ. ಕೊನೆಯದರಿಂದ ಶುರು ಮಾಡುತ್ತೇನೆ. ಅದು ತಿಳಿದರೆ ಉಳಿದವಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

ವಿಳಾಸ ಹೇಳದವರ ಮೇಲೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಹೊಡೆಯುವ ಗಂಡನ ಮನೆಯಿಂದ ಹೊರಬಿದ್ದ ಮೇಲಿನ ಕೆಲವು ವಾರಗಳೇ ಹೆಣ್ಣುಮಗಳಿಗೆ ಅತಿ ಅಪಾಯದ ಕಾಲ. ಇವಳು ಕೈಮೀರಿ ಹೋದಳು ಅನ್ನುವ ಸಿಟ್ಟು ಅವನಿಗೆ ಏರುವುದು ಆಗಲೇ. ಕಲಬುರಗಿ ಎಷ್ಟು ಬೆಳೆದರೂ ನೆಂಟಸ್ತನದ ಊರು. ಅಫಜಲಪುರದ ಮಾವನ ಆಟೊ ಸೂಪರ್ ಮಾರ್ಕೆಟ್‌ನಲ್ಲಿ ನಿಂತಿರುತ್ತದೆ, ಚಿಂಚೋಳಿಯ ಮೈದುನ ಇಲ್ಲೇ ಯಾವುದೋ ದಾಲ್ ಮಿಲ್ಲಿನಲ್ಲಿ ಇರುತ್ತಾನೆ. ಒಬ್ಬರ ಬಾಯಿಂದ ಒಂದು ಮಾತು ಜಾರಿದರೆ ಸಂಜೆಯೊಳಗೆ ಊರು ಮುಟ್ಟುತ್ತದೆ.

ವಿಳಾಸ ಹೊರಬೀಳುವುದು ಬೇಕಂತ ಹೇಳುವವರಿಂದಲ್ಲ, ಸಣ್ಣ ಸಣ್ಣ ಕಿಂಡಿಗಳಿಂದ. ಊಟ ಬಡಿಸುವ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹೋಗುತ್ತದೆ. ಮುಖಗಳನ್ನು ಮಸುಕು ಮಾಡಿದ್ದರೂ ಕಿಟಕಿಯಾಚೆ ಅಂಗಡಿಯ ಬೋರ್ಡು ಓದಲು ಬರುತ್ತದೆ, ಇಲ್ಲವೇ ಮಗುವಿನ ಸೊಂಟದ ಬೆಲ್ಟಿನ ಮೇಲೆ ಶಾಲೆಯ ಹೆಸರು ಕಾಣುತ್ತದೆ. ಮಗು ಅಜ್ಜಿಗೆ ಫೋನಿನಲ್ಲಿ "ಇಲ್ಲಿ ಅಪ್ಪನ ಗುಡಿ ಗಂಟಿ ಕೇಳಸ್ತದ" ಅಂದರೆ ಮನೆ ಶರಣಬಸವೇಶ್ವರ ಗುಡಿಯ ಹತ್ತಿರ ಅಂತ ತಿಳಿಯಲು ಅಷ್ಟೇ ಸಾಕು. ತಾಯಿ ಎಟಿಎಂನಲ್ಲಿ 500 ರೂಪಾಯಿ ತೆಗೆದರೆ ಮೆಸೇಜು ಗಂಡನ ಮೊಬೈಲಿಗೆ ಹೋಗುತ್ತದೆ, ಏಕೆಂದರೆ ಖಾತೆಗೆ ಜೋಡಿಸಿರುವ ನಂಬರು ಅವನದು. ಇನ್ನು ಆಧಾರ್. ಕಾರ್ಡು ಊರಲ್ಲೇ ಉಳಿದಿರುತ್ತದೆ. ಯಾರೋ ಒಳ್ಳೇ ಮನಸ್ಸಿನಿಂದ ಆನ್‌ಲೈನ್‌ನಲ್ಲಿ ಪಿವಿಸಿ ಕಾರ್ಡು ಆರ್ಡರ್ ಮಾಡಿಕೊಡುತ್ತಾರೆ. ಅದು ಅಂಚೆಯಲ್ಲಿ ಹೋಗುವುದು ಆಧಾರ್‌ನಲ್ಲಿರುವ ವಿಳಾಸಕ್ಕೆ, ಅಂದರೆ ಗಂಡನ ಮನೆಗೆ. ಸರಿಯಾದ ದಾರಿ ಬೇರೆ: ಆಕೆಯನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಕೊಡಿಸಿ ಮೊದಲು ಮೊಬೈಲ್ ನಂಬರು ಬದಲಿಸುವುದು, ಆಮೇಲೆ ಒಟಿಪಿಯಿಂದ ಇ-ಆಧಾರ್ ಇಳಿಸಿ ಪ್ರಿಂಟ್ ತೆಗೆಯುವುದು. ಕೇಂದ್ರದಲ್ಲಿ ನಂಬರು ಬದಲಿಸಲು ದಾಖಲೆ ಕೇಳುವುದಿಲ್ಲ, ಆದರೆ ಅಲ್ಲಿಗೆ ಆಕೆಯೇ ಹೋಗಬೇಕು. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ಟಿಗೂ ಇಂಥ ಗುರುತಿನ ಚೀಟಿ ತೋರಿಸಬೇಕಲ್ಲ, ಹಾಗಾಗಿ ಇದು ಮೊದಲ ವಾರದ ಕೆಲಸ.

ಆದ್ದರಿಂದ ನೀವು ಆ ಮನೆಗೆ ಹೋಗದೆಯೇ ಕೊಡಿ. ಸಾಮಾನು, ಹಣ ಎರಡನ್ನೂ ಸಂಸ್ಥೆಯ ಊರೊಳಗಿನ ಕಚೇರಿಗೆ ಮುಟ್ಟಿಸಿ. ಯಾವ ಸಂಸ್ಥೆ ಅಂತ ಗೊತ್ತಿಲ್ಲದಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಹೆಚ್ಚು ದಿನ ಇರುವ ಇಂಥ ಆಶ್ರಯ ಮನೆಗಳಿಗೆ ಮೊದಲು ಸ್ವಾಧಾರ ಗೃಹ ಅನ್ನುತ್ತಿದ್ದರು, ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆ ಬಂದ ಮೇಲೆ ಅವು ಶಕ್ತಿ ಸದನ ಆಗಿವೆ. ದೌರ್ಜನ್ಯಕ್ಕೊಳಗಾದವರಿಗೆ ತಕ್ಷಣದ ನೆರವು ಕೊಡುವ ಸಖಿ ಒನ್ ಸ್ಟಾಪ್ ಸೆಂಟರ್ ಬೇರೆ, ಅಲ್ಲಿ ತಾತ್ಕಾಲಿಕವಾಗಿ 5 ದಿನದವರೆಗೆ ಇರಬಹುದು. ಎರಡರ ಅಗತ್ಯವೂ ಬೇರೆ ಬೇರೆ.

ಸಖಿ ಕೇಂದ್ರಕ್ಕೆ ಬೇಕಾದದ್ದು ಮೊದಲ ರಾತ್ರಿಯ ಚೀಲ. ರಾತ್ರಿ ಎರಡಕ್ಕೆ ಉಟ್ಟ ಸೀರೆಯಲ್ಲಿ, ಬರಿಗಾಲಲ್ಲಿ, ಕಂಕುಳಲ್ಲೊಂದು ಕೂಸು ಎತ್ತಿಕೊಂಡು ಬಂದವಳಿಗೆ ಏನು ಬೇಕು ಅಂತ ಯೋಚಿಸಿ ಚೀಲ ತುಂಬಿ. ಮುಂದೆ ಗುಂಡಿ ಇರುವ ಸಡಿಲ ನೈಟಿ ಒಂದು, ಮೊಲೆಯುಣಿಸಲು ಅದೇ ಅನುಕೂಲ. ಮೇಲೊಂದು ದುಪಟ್ಟಾ. ಹೊಸ ಒಳಉಡುಪು ಮೂರು ಜೊತೆ, ಟವೆಲ್ಲು, ಪ್ಯಾಡಿನ ಪ್ಯಾಕೆಟ್ಟು, ಸಾಬೂನು, ಬ್ರಷ್ಷು, ಪೇಸ್ಟು, ಬಾಚಣಿಗೆ, ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ, ರಬ್ಬರ್ ಚಪ್ಪಲಿ. ಮಗುವಿಗೆ ಎರಡು ಜೊತೆ ಬಟ್ಟೆ, ಒಂದು ಮೆತ್ತನೆ ಹೊದಿಕೆ, ಬಣ್ಣದ ಪೆನ್ಸಿಲ್ಲು, ಬಿಳಿ ಹಾಳೆಯ ಪುಸ್ತಕ. ಎಲ್ಲಕ್ಕೂ ಒಂದೇ ಅಳತೆ ತಂದರೆ ಕೆಲಸಕ್ಕೆ ಬಾರದು. ಚೀಲದ ಮೇಲೆ "ಎಲ್, ಮಗು 4 ವರ್ಷ" ಅಂತ ಬರೆದ ಪಟ್ಟಿ ಅಂಟಿಸಿ. ನಿಮ್ಮ ಓಣಿಯ ಹೆಸರು ಮಾತ್ರ ಚೀಲದ ಮೇಲೆ ಬೇಡ. ಅದೇ ಚೀಲ ಹಿಡಿದು ಆಕೆ ನಾಳೆ ಕೋರ್ಟಿಗೋ ಆಸ್ಪತ್ರೆಗೋ ಹೋಗುತ್ತಾಳೆ.

ನೀವು ಕೂಡಿಸಿದ ಮೂರು ಚೀಲ ಬಟ್ಟೆಯಲ್ಲಿ ರವಿಕೆಗಳನ್ನು ತೆಗೆದಿಡಿ, ಒಬ್ಬರದು ಇನ್ನೊಬ್ಬರಿಗೆ ಕೂಡುವುದಿಲ್ಲ. ಬಣ್ಣ ಬಿಟ್ಟದ್ದು, ಝಿಪ್ಪು ಹೋದದ್ದು, ಒಮ್ಮೆ ಉಟ್ಟ ಒಳಉಡುಪು ಕೊಡಲೇಬೇಡಿ. ಹೊಡೆತ ತಿಂದು ಬಂದವಳ ಕೈಗೆ ಹರಕು ಬಟ್ಟೆ ಇಟ್ಟರೆ ಅದು ಎಂಥ ಮಾತು ಹೇಳುತ್ತದೆ, ನೀವೇ ಯೋಚಿಸಿ. ಚಾದರ, ಸ್ವೆಟರು, ಮಕ್ಕಳ ಗಟ್ಟಿ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡಿ. ಉಳಿದದ್ದನ್ನು ಹಳೇ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವರು ಓಣಿಗೆ ಬಂದಾಗ ಹಾಕಿ. ಅವರು ಕೊಡುವ ಪಾತ್ರೆ ಎತ್ತಿಡಿ, ಅದರ ಉಪಯೋಗ ಮುಂದೆ ಹೇಳುತ್ತೇನೆ.

ಹೆಚ್ಚು ದಿನ ಇರುವ ಮನೆಗೆ ಬೇಕಾದದ್ದು ತಿಂಗಳು ತಪ್ಪದ ರೇಷನ್. ಅನುದಾನ ಕಂತಿನಲ್ಲಿ ಬರುತ್ತದೆ, ತಡವಾದರೆ ಕಿರಾಣಿಯಲ್ಲಿ ಉದ್ರಿ ಏರುತ್ತದೆ. ಹುಟ್ಟುಹಬ್ಬಕ್ಕೂ ಜಾತ್ರೆಗೂ ಸಿಹಿ ತರುವವರು ಬಹಳ, ಆಷಾಢದಲ್ಲಿ ಜೋಳ ಕೊಡುವವರು ಕಡಿಮೆ. 12 ಹೆಂಗಸರು, 8 ಮಕ್ಕಳು ಇರುವ ಮನೆ ಅಂತ ಇಟ್ಟುಕೊಳ್ಳಿ. ದೊಡ್ಡವರಿಗೆ ದಿನಕ್ಕೆ 200 ಗ್ರಾಂ, ಮಕ್ಕಳಿಗೆ 75 ಗ್ರಾಂ ಜೋಳ ಹಿಡಿದರೆ ದಿನಕ್ಕೆ 3 ಕೆಜಿ, ತಿಂಗಳಿಗೆ 90 ಕೆಜಿ ಆಯಿತು. ತೊಗರಿ ಬೇಳೆ ತಲೆಗೆ 40 ಗ್ರಾಂನಂತೆ ತಿಂಗಳಿಗೆ 24 ಕೆಜಿ. ಇವೆರಡನ್ನು ನಿಮ್ಮ 15 ಮನೆ ಹಂಚಿಕೊಂಡರೆ ಮನೆಗೆ 6 ಕೆಜಿ ಜೋಳ, ಒಂದೂವರೆ ಕೆಜಿಗೆ ಸ್ವಲ್ಪ ಮೇಲೆ ಬೇಳೆ. ಇಷ್ಟರಲ್ಲಿ ಒಂದು ಮನೆಯ ಊಟದ ಬುಡ ನಿಂತಂತೆ.

ಜೋಳವನ್ನು ಕಾಳಾಗಿಯೇ ಕೊಡಿ, ಹಿಟ್ಟು ಬೇಡ. ಬೀಸಿಟ್ಟು ಹಳತಾದ ಹಿಟ್ಟಿಗೆ ಜಿಗಿ ಇರುವುದಿಲ್ಲ. ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಎತ್ತಿದರೆ ನಡುವೆ ಹರಿಯುತ್ತದೆ, ಹಂಚಿನ ಮೇಲೆ ಉಬ್ಬುವುದಿಲ್ಲ. ನಮ್ಮ ಬೇಸಿಗೆಯ ಸೆಕೆಗೆ ಕಹಿಯೂ ಹತ್ತುತ್ತದೆ. 90 ಕೆಜಿ ಹಿಟ್ಟು ಒಮ್ಮೆಲೇ ಬಂದು ಬಿದ್ದರೆ ಅರ್ಧ ದಂಡ. ಕಾಳು ಕೊಟ್ಟು ಗಿರಣಿಯ ಬೀಸುವ ಕೂಲಿಯನ್ನೂ ಸೇರಿಸಿ ಕೊಟ್ಟರೆ ವಾರಕ್ಕಿಷ್ಟು ಅಂತ ಬೀಸಿಕೊಳ್ಳುತ್ತಾರೆ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ) ಮನೆಯಲ್ಲಿ ಕುಟ್ಟಿ ಕೊಟ್ಟರೆ ಬಹಳ ದಿನ ಬಾಳುತ್ತವೆ, ಮಕ್ಕಳು ಶಾಲೆಗೆ ರೊಟ್ಟಿಯ ಜೊತೆ ಒಯ್ಯುತ್ತಾರೆ. ಮದುವೆ ಮನೆಯ ಉಳಿದ ಅನ್ನ-ಸಾರು ಮಾತ್ರ ಬೇಡವೇ ಬೇಡ. 42 ಡಿಗ್ರಿ ಬಿಸಿಲಲ್ಲಿ ಮಧ್ಯಾಹ್ನದ ಅಡುಗೆ ಸಂಜೆಗೆ ತಲುಪಿದರೆ ಇಡೀ ಮನೆಗೆ ವಾಂತಿ-ಭೇದಿ, ನೋಡಿಕೊಳ್ಳಲು ರಾತ್ರಿಪಾಳಿಯಲ್ಲಿ ಒಬ್ಬರೇ ಇರುತ್ತಾರೆ.

ಯಾರಿಗೂ ಹೊಳೆಯದ ಸಾಮಾನು ಒಂದಿದೆ: ಬೀಗ ಹಾಕುವ ಟ್ರಂಕು. ಇಂಥ ಮನೆಯಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಎಣ್ಣೆ ಯಾರು ಹಚ್ಚಿಕೊಂಡರು, 200 ರೂಪಾಯಿ ಎಲ್ಲಿ ಹೋಯಿತು ಅನ್ನುವುದರಿಂದ. ತನ್ನದು ಅಂತ ಬೀಗ ಹಾಕಿಡುವ ಒಂದು ಜಾಗ ಇದ್ದರೆ ಹೆಣ್ಣುಮಗಳು ರಾತ್ರಿ ನಿದ್ದೆ ಮಾಡುತ್ತಾಳೆ. ತಾಳಿ, ಪಾಸ್‌ಬುಕ್ಕು, ಕೋರ್ಟಿನ ಕಾಗದ, ಮಗುವಿನ ಜನನ ಪತ್ರ ಎಲ್ಲ ಅದರೊಳಗೆ. ಪ್ರತಿ ಟ್ರಂಕಿಗೂ ಬೇರೆ ಬೀಗ ಇರಲಿ, ಎರಡನೇ ಕೀಲಿ ಸೀಲ್ ಮಾಡಿದ ಲಕೋಟೆಯಲ್ಲಿ ವಾರ್ಡನ್ ಹತ್ತಿರ ಇರಲಿ. ಬೇಸಿಗೆಗೆ ಮುಂಚೆ ಫ್ಯಾನು, ಸೊಳ್ಳೆಪರದೆ, ಕುಡಿಯುವ ನೀರಿನ ಫಿಲ್ಟರಿನ ರಿಪೇರಿ ಕೇಳಿ ಮಾಡಿಸಿ. ಫಿಲ್ಟರ್ ದಾನ ಮಾಡುವವರಿದ್ದಾರೆ, ಅದರ ಕ್ಯಾಂಡಲ್ ಬದಲಿಸುವವರು ಸಿಗುವುದಿಲ್ಲ.

ಮಕ್ಕಳ ಶಾಲೆ ಇನ್ನೊಂದು ಗಂಟು. ಟಿಸಿ ಇಲ್ಲ ಅಂತ ಸೇರಿಸಿಕೊಳ್ಳದ ಹೆಡ್‌ಮಾಸ್ತರರು ಈಗಲೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತು ಅನ್ನುವುದು ಪ್ರವೇಶ ನಿರಾಕರಿಸಲು ಕಾರಣವಲ್ಲ, ವಯಸ್ಸಿನ ದಾಖಲೆ ಇಲ್ಲ ಅನ್ನುವುದೂ ಅಲ್ಲ. ನಿಮ್ಮ ಓಣಿಯಲ್ಲಿ ನಿವೃತ್ತ ಶಿಕ್ಷಕಿ ಇದ್ದರೆ ಅವರು ಆ ಕಾಯ್ದೆಯ 5 ಮತ್ತು 14ನೇ ಸೆಕ್ಷನ್ ಪ್ರತಿ ಹಿಡಿದು ಸಂಸ್ಥೆಯವರ ಜೊತೆ ಹೋಗಲಿ. ಹಳೇ ಶಾಲೆಗೆ ಟಿಸಿಗೆ ಪತ್ರ ಬರೆದರೆ ಹೊಸ ಶಾಲೆಯ ಹೆಸರು ತಂದೆಯ ಕಿವಿಗೆ ಬೀಳಬಹುದು. ಅದಕ್ಕೇ ಯಾವಾಗ ಬರೆಯಬೇಕು ಅನ್ನುವುದನ್ನು ತಾಯಿ ಮತ್ತು ಸಂಸ್ಥೆಯವರೇ ತೀರ್ಮಾನಿಸಬೇಕು. ದೊಡ್ಡ ಗಂಡುಮಗ ಇದ್ದರೆ ಆ ಮನೆಯ ವಯಸ್ಸಿನ ಮಿತಿ ಎಷ್ಟು ಅಂತ ಮೊದಲೇ ಕೇಳಿ. ಮಗನನ್ನು ಬಿಟ್ಟಿರಬೇಕಾಗುತ್ತದೆ ಅಂತ ಎಷ್ಟೋ ತಾಯಂದಿರು ಹೊಡೆತದ ಮನೆಗೇ ವಾಪಸ್ ಹೋಗುತ್ತಾರೆ.

ಸಮಯ ಕೊಡುವವರಿಗೆ ಒಂದು ಮಾತು. ಪೊಲೀಸ್ ಪರಿಶೀಲನೆ ಕೇಳಿದರೆ ಅವಮಾನ ಅಂತ ತಿಳಿಯಬೇಡಿ. ವಾರಕ್ಕೆ ಒಂದೇ ದಿನ, ಎರಡೇ ತಾಸು, ಆದರೆ ಕನಿಷ್ಠ ಮೂರು ತಿಂಗಳು ತಪ್ಪದೆ ಬರುತ್ತೇನೆ ಅನ್ನುವವರು ಬೇಕು. ನಾಲ್ಕು ವಾರ ಬಂದು ಮಾಯವಾದರೆ ಮಕ್ಕಳು ಇನ್ನೊಮ್ಮೆ ಒಬ್ಬರನ್ನು ಕಳೆದುಕೊಂಡ ಹಾಗೆ. "ನಿಮ್ಮಪ್ಪ ಎಲ್ಲಿ", "ಯಾಕೆ ಬಂದ್ರಿ" ಅಂತ ಕೇಳಬಾರದು. ಉರ್ದು, ಲಂಬಾಣಿ, ತೆಲುಗು, ಮರಾಠಿ ಬಲ್ಲವರು ನಿಮ್ಮಲ್ಲಿದ್ದರೆ ಅದು ದೊಡ್ಡ ಆಸ್ತಿ. ತಾಂಡಾದಿಂದ ಬಂದವಳಿಗೆ ತನ್ನ ಮಾತಿನಲ್ಲಿ ನೋವು ಹೇಳಿಕೊಳ್ಳಲು ಒಬ್ಬರು ಸಿಗಬೇಕು.

ಕೋರ್ಟಿನ ತಾರೀಖಿಗೆ ಜೊತೆಗೆ ಹೋಗುವುದೂ ಅಂಥದೇ ಕೆಲಸ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅರ್ಜಿ ಹಾಕಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಅದಾದ 60 ದಿನದೊಳಗೆ ತೀರ್ಮಾನ ಆಗಲು ಯತ್ನಿಸಬೇಕು ಅಂತಿದೆ. ನಿಜದಲ್ಲಿ ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಕೋರ್ಟಿನ ಅಂಗಳದಲ್ಲಿ ಗಂಡನ ಕಡೆಯ ಹತ್ತು ಜನ, ಇವಳ ಕಡೆ ಒಬ್ಬರೂ ಇಲ್ಲ ಅನ್ನುವಾಗ ಪಕ್ಕದಲ್ಲಿ ಸುಮ್ಮನೆ ಕೂರುವವರಿದ್ದರೂ ಸಾಕು. ವಕೀಲರಿಗೆ ಚಂದಾ ಎತ್ತಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ನಂಬರು 15100.

ಹಣದ ವಿಷಯ ಚುಟುಕಾಗಿ. ಸಂಸ್ಥೆಯ ಹೆಸರಿನ ಖಾತೆಗೇ ಹಾಕಿ, ಯಾರದೋ ಸ್ವಂತ ಯುಪಿಐಗೆ ಬೇಡ. ರಸೀದಿ ಕೇಳಿ, ಹಿಂದಿನ ವರ್ಷದ ಆಡಿಟ್ ವರದಿ ಕೇಳಿ. ದಾನದ ಮೇಲಿನ ತೆರಿಗೆ ವಿನಾಯಿತಿ (80ಜಿ ಅಂತ ಕರೆಯುವುದು) ಬೇಕಿದ್ದರೆ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಸಿಗುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆಕೆ ಆಶ್ರಯ ಮನೆ ಬಿಟ್ಟು ಹೊರಡುವ ದಿನ. ಅವಧಿ ಮುಗಿಯುತ್ತದೆ, ಆಸ್ಪತ್ರೆಯಲ್ಲೋ ದಾಲ್ ಮಿಲ್ಲಿನಲ್ಲೋ ಕೆಲಸ ಸಿಕ್ಕಿರುತ್ತದೆ, ಆದರೆ ಕೋಣೆಗೆ ಅಡ್ವಾನ್ಸ್ ಕೊಡಲು ಹಣವಿಲ್ಲ. ಮನೆ ಮಾಲೀಕರು ಗಂಡ ಎಲ್ಲಿ ಅಂತ ಕೇಳಿ ಬಾಗಿಲು ಹಾಕುತ್ತಾರೆ. ಹೀಗೆ ಸೋತು ಮರಳಿ ಗಂಡನ ಮನೆ ಸೇರುವವರು ಕಡಿಮೆಯಲ್ಲ. ಹೊಲಿಗೆ ಯಂತ್ರ ಕೊಡುವವರಿಗೆ ಬರವಿಲ್ಲ, ಆದರೆ ಹೊಲಿಗೆಯಿಂದ ಬಾಡಿಗೆ ಹುಟ್ಟಲು ಗಿರಾಕಿ ಕೂಡಬೇಕು, ತಿಂಗಳುಗಳೇ ಹಿಡಿಯುತ್ತವೆ. ನಿಮ್ಮ 15 ಮನೆ ತಿಂಗಳಿಗೆ 300 ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 54,000 ಆಗುತ್ತದೆ. ಅದನ್ನು ಸಂಸ್ಥೆಯ ಮೂಲಕ ಅಡ್ವಾನ್ಸಿಗೆ ಮತ್ತು ಮೊದಲ ತಿಂಗಳ ಬಾಡಿಗೆಗೆ ಅಂತಲೇ ಮೀಸಲಿಡಿ. ಜೊತೆಗೆ ಒಂದು ಸಂಸಾರದ ಪೆಟ್ಟಿಗೆ: ಹಂಚು, ಹಿಟ್ಟು ನಾದುವ ಪರಾತ, ಕುಕ್ಕರು, ಎರಡು ತಟ್ಟೆ-ಲೋಟ, ಬಕೆಟ್ಟು, ಚಾಪೆ, ಒಳಗಿನಿಂದ ಹಾಕುವ ಗಟ್ಟಿ ಚಿಲಕ. ಹಳೇ ಬಟ್ಟೆಗೆ ಬಂದ ಪಾತ್ರೆ ಎತ್ತಿಡಿ ಅಂದದ್ದು ಇದಕ್ಕೇ. ನಿಮ್ಮಲ್ಲಿ ಯಾರದಾದರೂ ಬಾಡಿಗೆ ಕೋಣೆ ಇದ್ದರೆ ಒಬ್ಬಳು ತಾಯಿಗೆ ಪ್ರಶ್ನೆ ಕೇಳದೆ ಕೊಡಿ. ಚೀಲಗಟ್ಟಲೆ ಬಟ್ಟೆಗಿಂತ ಆ ಕೋಣೆ ದೊಡ್ಡದು.

ನಿಮ್ಮ ಓಣಿಯಲ್ಲೇ ಹೆಂಡತಿಯನ್ನು ಹೊಡೆಯುವ ಮನೆ ಇದ್ದರೆ 112 ಅಥವಾ 181ಕ್ಕೆ ಫೋನ್ ಮಾಡಿ, ಮಗುವಿನ ವಿಷಯಕ್ಕೆ 1098. ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ನೆರೆಯವರೂ ಅವರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲ ಅಂತ 4ನೇ ಸೆಕ್ಷನ್ನಿನಲ್ಲೇ ಇದೆ. ಆಕೆ ಕೇಳದೆ ಹಿರಿಯರನ್ನು ಕೂಡಿಸಿ ರಾಜಿ ಪಂಚಾಯ್ತಿ ಮಾತ್ರ ಮಾಡಿಸಬೇಡಿ. ಅವಳು ಹೊರಡುವ ಯೋಚನೆಯಲ್ಲಿದ್ದಾಳೆ ಅನ್ನುವುದು ಅವನಿಗೆ ತಿಳಿಯುವುದೇ ಅಲ್ಲಿ.

ಇನ್ನು ಮಗಳ ಹುಟ್ಟುಹಬ್ಬ. ಆ ದಿನ ಅಲ್ಲಿನ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು, ಹೋಳಿಗೆಯ ಬೇಳೆ-ಬೆಲ್ಲಕ್ಕೆ ಆಗುವಷ್ಟು ಹಣ ಕಚೇರಿಗೆ ಕೊಡಿ, ಮಾಡಿಕೊಂಡು ಉಣ್ಣುವುದು ಅವರಿಗೆ ಬಿಡಿ. ಮಗಳಿಗೆ ಕೈಯಿಂದ ಏನಾದರೂ ಮಾಡುವ ಆಸೆ ಇದ್ದರೆ ಮೊದಲ ರಾತ್ರಿಯ ಚೀಲದೊಳಗಿನ ಬಣ್ಣದ ಪೆನ್ಸಿಲ್ಲುಗಳನ್ನು ಅವಳೇ ಆರಿಸಿ, ಚೂಪು ಮಾಡಿ ಇಡಲಿ.